ಹೋತ ಮೈ ಕೊಡವಲಿಲ್ಲ

ಭಾನುವಾರದ ಮಟನ್ ಊಟಕ್ಕೆ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿಯುವ ನಾನು, ಸಿನಿಮಾದಲ್ಲಿ ಕೋಳಿಯ ಕುತ್ತಿಗೆಗೆ ಕತ್ತಿ ಎತ್ತಿದರೆ ಸಾಕು, ಕಣ್ಣು ಮುಚ್ಚಿಕೊಳ್ಳುತ್ತೇನೆ. ಪಕ್ಕದಲ್ಲಿ ಕೂತ ಹೆಂಡತಿ "ಮುಗೀತ್ರಿ, ಕಣ್ಣ ತಗೀರಿ" ಎಂದು ಮೊಣಕೈಯಿಂದ ತಿವಿಯುತ್ತಾಳೆ. ಸಿ.ಡಿ. ಬಾಡಿಗೆಗೆ ಸಿಗುವ ಕಾಲ ಬಂದ ಮೇಲೆ, ಪ್ರಾಣಿಯನ್ನು ನಿಜವಾಗಿಯೇ ಕೊಂದು ತೆಗೆದ ಪರದೇಶದ ಚಿತ್ರಗಳೂ ನಮ್ಮ ಚಿಕ್ಕೋಡಿಗೆ ಬಂದವು. ಅದೇ ದೊಡ್ಡ ಕಲೆ ಎಂದು ನಾನು ಕಂಡಕಂಡವರೊಡನೆ ವಾದಿಸುತ್ತಿದ್ದೆ. ಅರ್ಧವಷ್ಟೇ ನೋಡಿದ್ದೇನೆಂದು ಮಾತ್ರ ಹೇಳುತ್ತಿರಲಿಲ್ಲ.

ಅಂಥದರಲ್ಲಿ ಮಂಗಸೂಳಿಯ ನಮ್ಮಣ್ಣನ ಹೊಲಕ್ಕೆ ಒಬ್ಬ ತರುಣ ನಿರ್ದೇಶಕ ಕ್ಯಾಮೆರಾ ಸಮೇತ ಬಂದಿಳಿದ. ಅವನಿಗೆ ಒಂದು ಹೋತದ ನಿಜವಾದ ಸಾವು ಬೇಕಿತ್ತು. "ನೋಡುವವರಿಗೆ ಶಾಕ್ ಆಗಬೇಕು ಸರ್. ಸುಳ್ಳು ರಕ್ತಕ್ಕೆ ಯಾರು ಬೆಚ್ಚುತ್ತಾರೆ?" ಎಂದು ಅಲ್ಲಿಗೆ ಹೋಗಿದ್ದ ನನ್ನನ್ನು ಕೇಳಿದ. ಹಿಂದೆ ಕಂಪನಿ ನಾಟಕಗಳಲ್ಲಿ ರಾಜಕುಮಾರ ದಿನಾ ಹಾವು ಕಚ್ಚಿ ಸಾಯುತ್ತಿದ್ದ. ನಿಜವಾದ ಹಾವು ತನ್ನಿ ಎಂದು ಯಾರೂ ಕೂಗಲಿಲ್ಲ, ಜನ ಗೋಣಿಚೀಲ ಹೊಲಿದು ಮಾಡಿದ ಹಾವಿಗೇ ಹೊಟ್ಟೆ ತುಂಬ ಅತ್ತರು. ಇದನ್ನೆಲ್ಲ ಹೇಳಬಹುದಿತ್ತು. ಆದರೆ ನನ್ನ ವಾದಕ್ಕೆ ನಾನೇ ಕಟ್ಟುಬಿದ್ದು ತಲೆಯಾಡಿಸಿದೆ.

ಅಣ್ಣ ತನ್ನ ಹೋತ ಕೊಡಲು ಒಪ್ಪಿಬಿಟ್ಟ. ಬಾಟಲಿ ಹಾಲು ಕುಡಿಸಿ ಅದನ್ನು ಸಾಕಿದ್ದ ಅವನ ಹೆಂಡತಿ, ನಮ್ಮ ವೈನಿಯ ಮುಖ ಸಣ್ಣದಾಯಿತು. ಗಂಡನ ಮಾತು ಮೀರಲಾರದೆ ಅವರು ಒಂದೇ ಷರತ್ತು ಹಾಕಿದರು: "ನಮ್ಮಲ್ಲಿ ಪದ್ಧತಿ ಐತ್ರಿ. ಬೆನ್ನ ಮ್ಯಾಲ ನೀರ ಹಾಕತೀವಿ. ಹೋತ ಮೈ ಝಾಡಿಸಿ ನೀರ ಕೊಡವಿದ್ರ ಒಪ್ಪಿಗಿ. ಇಲ್ಲಂದ್ರ ಕತ್ತಿ ಮುಟ್ಟಂಗಿಲ್ಲ." ನಿರ್ದೇಶಕ ಹಿಗ್ಗಿದ. ಸಾವಿನ ಜೊತೆ ಪದ್ಧತಿಯೂ ಪುಕ್ಕಟೆ ಸಿಕ್ಕಿತಲ್ಲ!

ನೀರು ಹಾಕಿದರು. ಹೋತ ಕ್ಯಾಮೆರಾ ನೋಡುತ್ತ ಮೆಲುಕು ಹಾಕಿತು. ಮತ್ತೆ ಹಾಕಿದರು. ಫೋಟೊ ತೆಗೆಸಿಕೊಳ್ಳುವ ಮದುಮಗನಂತೆ ಅಲುಗದೆ ನಿಂತಿತು. ಬಿಸಿಲು ಇಳಿಯತೊಡಗಿದಾಗ ನಿರ್ದೇಶಕ ಅದರ ಕಿವಿಯಲ್ಲಿ ಊದಲು ಬಾಗಿದ. ವೈನಿ ತಡೆದರು: "ಅದು ಜುಲುಮಿ ಒಪ್ಪಿಗಿ ಆಗತೈತ್ರಿ, ದೇವರಿಗೆ ನಡಿಯಂಗಿಲ್ಲ." ಸುತ್ತ ನಿಂತ ಊರವರೂ ಹೌದೆಂದರು. ಕೊನೆಗೆ ಅವನು ಹೋತದ ಕಣ್ಣುಗಳನ್ನಷ್ಟೇ ಹತ್ತಿರದಿಂದ ಚಿತ್ರಿಸಿಕೊಂಡು ಗಾಡಿ ಹತ್ತಿದ. ಮುಂದೆ ಆ ಚಿತ್ರ ಬಂದಾಗ, ಆ ಕಣ್ಣು ಕಂಡು ಇಡೀ ಥಿಯೇಟರು ಉಸಿರು ಬಿಗಿಹಿಡಿಯಿತು. ಹೋತ ಬದುಕಿದೆಯೆಂದು ಗೊತ್ತಿದ್ದ ನಾನೂ ಕಣ್ಣು ಮುಚ್ಚಿಕೊಂಡೆ.

ಇರಲಿ, ಆ ಸಂಜೆಯ ಮಾತು ಪೂರ್ತಿ ಮಾಡುತ್ತೇನೆ. ಗಾಡಿಯ ಧೂಳು ಇನ್ನೂ ಅಡಗಿರಲಿಲ್ಲ. ಅಣ್ಣ ರಸ್ತೆಯ ಕಡೆ ಕೈಬೀಸುತ್ತಿದ್ದ. ವೈನಿ ಹಗ್ಗ ಹಿಡಿದು ಹೋತವನ್ನು ಹಿತ್ತಲಿಗೆ ತಿರುಗಿಸಿದ್ದೇ ತಡ, ಅದು ಮೂಗಿನಿಂದ ಬಾಲದವರೆಗೆ ಗಡಗಡನೆ ಮೈ ಕೊಡವಿತು. ನೀರು ನನ್ನ ಕನ್ನಡಕಕ್ಕೂ ಸಿಡಿಯಿತು. ವೈನಿ ಅಣ್ಣನ ಬೆನ್ನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಮೆಲ್ಲಗೆ, "ತಮ್ಮಾ, ನೀ ಏನೂ ನೋಡಿಲ್ಲ" ಎಂದರು.

ಕಲೆಯಲ್ಲಿ ಸತ್ಯವೇ ಬೇಕೆಂದು ಊರೆಲ್ಲ ವಾದಿಸಿದ ನಾನು ಕನ್ನಡಕ ಒರೆಸಿಕೊಳ್ಳುತ್ತ, "ಏನೂ ಕಾಣಲಿಲ್ಲ ಬಿಡ್ರಿ ವೈನಿ" ಎಂದೆ.