ಕಟಿಂಗ್ ಮಾಸ್ಟರ್ ಬರೆದ ಹೂಜಿ

ನಮ್ಮಪ್ಪ ಮೂವತ್ತೊಂದು ವರ್ಷ ಕಟಿಂಗ್ ಮಾಸ್ಟರ್. ಅವರು ಬಟ್ಟೆಯ ಮೇಲೆ ಗೆರೆ ಎಳೆದರೆ ಸ್ಕೇಲು ನಾಚಿಕೊಳ್ಳಬೇಕು. ಅಂಥವರ ಬಲಗೈಗೆ ಐದು ತಿಂಗಳ ಹಿಂದೆ ಪಾರ್ಶ್ವವಾಯು ಬಡಿಯಿತು, ಕಣ್ಣೂ ಮಂಜಾಯಿತು. ಬೆರಳು ಮತ್ತೆ ಆಡತೊಡಗಿದಾಗ, ಕೈ ಪಳಗಲಿ ಎಂದು ಡಾಕ್ಟರು ಚಿತ್ರಕಲೆಯ ತರಗತಿಗೆ ಕಳಿಸಿದರು. ದಿನವೂ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರುವವಳು ನಾನು. ಅಂಗಡಿಯ ಯಜಮಾನರು, "ಸೋಮವಾರ ಬಂದು ಒಂದು ಕೋಟು ಕತ್ತರಿಸಿ ತೋರ್ಸಿ, ಆಮೇಲೆ ನೋಡೋಣ" ಎಂದಿದ್ದರು. "ಕಣ್ಣು ಯಾಕಮ್ಮ, ಕೈಗೇ ಗೊತ್ತಿರುತ್ತೆ" ಎನ್ನುತ್ತಿದ್ದರು ಅಪ್ಪ. ಆ ಕೆಲಸ ಹೋದರೆ ಅಪ್ಪ ಉಳಿಯುವುದಿಲ್ಲ ಎಂಬ ಹೆದರಿಕೆ ನನಗೆ.

ಶುಕ್ರವಾರ ಡ್ರಾಯಿಂಗ್ ಮೇಡಂ ಮೇಜಿನ ಮೇಲೊಂದು ಹೂಜಿ ಇಟ್ಟರು. ಕ್ಯೂಬಿಸಂ ಅಂತೆ. ಹೂಜಿಯ ಮುಂದು, ಹಿಂದು, ಪಕ್ಕ ಎಲ್ಲವನ್ನೂ ತುಂಡು ಮಾಡಿ ಒಂದೇ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆಯಬೇಕಂತೆ. ಮಿಕ್ಕವರೆಲ್ಲ ಪಿಳಿಪಿಳಿ ಕಣ್ಣು ಬಿಟ್ಟರು.

"ಇದೇನ್ ಮಹಾ! ಷರ್ಟಿನ ಹೊಲಿಗೆ ಬಿಚ್ಚಿ ಹರಡಿದ ಹಾಗೆ ಅಲ್ವಾ?" ಎಂದು ಅಪ್ಪ ಶುರು ಹಚ್ಚಿಯೇಬಿಟ್ಟರು. ಎದೆ, ಬೆನ್ನು, ತೋಳು. ಹೂಜಿಯ ಹಿಡಿಯೂ ಅವರಿಗೆ ತೋಳೇ. ರೂಢಿ ಎಲ್ಲಿಗೆ ಹೋಗುತ್ತದೆ, ಪ್ರತಿ ತುಂಡಿನ ಸುತ್ತ ಹೊಲಿಗೆಗೆಂದು ಅರ್ಧ ಇಂಚು ಬಿಟ್ಟಿದ್ದರು! ಹೂಜಿ ಹಾಳೆ ದಾಟಿ ಬೆಂಚಿನ ಮೇಲೆ ಮುಗಿಯಿತು. ನನಗೆ ನಗು ತಡೆಯಲಾಗಲಿಲ್ಲ.

"ಗೆರೆ ನೆಟ್ಟಗಿದೆಯೇನಮ್ಮ?"

"ನೂಲು ಹಿಡಿದ ಹಾಗಿದೆ ಅಪ್ಪಾ."

ಎರಡು ತಿಂಗಳಿಂದ ದಿನವೂ ಇದನ್ನೇ ಹೇಳುತ್ತ ಬಂದಿದ್ದೆ. ಹಾಳಾದ ನಾಲಿಗೆ, ನಿಜ ಹೇಳಲು ಏಳುತ್ತಲೇ ಇರಲಿಲ್ಲ.

ಮೇಡಂ ಬಂದವರೇ ಹಾಳೆ ಎತ್ತಿ ಎಲ್ಲರಿಗೂ ತೋರಿಸಿದರು. "ನೋಡಿ, ಒಂದು ಗೆರೆಯೂ ನೆಟ್ಟಗಿಲ್ಲ! ಎಷ್ಟು ಧೈರ್ಯವಾಗಿ ನಡುಗಿಸಿದಾರೆ! ಇಂಥಾ ಕೈ ಎಲ್ರಿಗೂ ಬರಲ್ಲ." ಎಲ್ಲರೂ ಚಪ್ಪಾಳೆ ತಟ್ಟಿದರು.

ಅಪ್ಪ ಎದ್ದು ನಿಂತರು. "ಎಲ್ಲಿ ಮೇಡಂ? ಎಲ್ಲಿ ನಡುಗಿದೆ?"

ಹೊಗಳಿದ್ದು ಸಾಲಲಿಲ್ಲವೇನೋ ಎಂದುಕೊಂಡು ಆ ಪುಣ್ಯಾತ್ಗಿತ್ತಿ ಒಂದೊಂದೇ ಕಡೆ ಅಪ್ಪನ ಎಡಗೈ ಬೆರಳಿಟ್ಟು ತೋರಿಸಿದರು. ಅಪ್ಪ ಪೆನ್ಸಿಲ್ ಒತ್ತಿ ಎಳೆಯುವವರು, ಹಾಳೆಯಲ್ಲಿ ಗುಳಿ ಬಿದ್ದಿತ್ತು. ಅದರ ಗುಂಟ ಬೆರಳು ಸವರುತ್ತ ಹೋದರು. ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ದಿನಾ ಹೀಗೇ ಇತ್ತಾ?"

ನಾನು ಬೆಂಚಿನ ಮೇಲೆ ಉಳಿದಿದ್ದ ಹೂಜಿಯ ಗೆರೆಯನ್ನು ಕೈಯಿಂದ ಒರೆಸತೊಡಗಿದೆ.

"ಸೋಮವಾರ ಯಾರದೋ ಬಟ್ಟೆಗೆ ಕತ್ತರಿ ಹಾಕ್ಬಿಡ್ತಿದ್ನಲ್ಲಮ್ಮ" ಎಂದರು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಯಜಮಾನರಿಗೆ ಫೋನ್ ಮಾಡಿಕೊಡು. ಬರಲ್ಲ ಅಂತ ನಾನೇ ಹೇಳ್ತೀನಿ."

ಅಲ್ಲೇ, ಅಷ್ಟು ಜನರ ಮುಂದೆ, ನಾನೇ ನಂಬರ್ ಒತ್ತಿ ಅವರ ಕಿವಿಗೆ ಹಿಡಿದೆ.