ಮಾಮಾನನ್ನು ಕೊಂದ ಆಯಿ

ಹೋದ ತಿಂಗಳು ಸೊಸೆ ಹಳೆಯ ಕೌದಿಯೊಂದನ್ನು ಒಗೆದು ಮಾಳಿಗೆಯ ಮೇಲೆ ಹರವಿದ್ದಳು. ಸಂಡಿಗೆ ಒಣಗಿವೆಯೇ ನೋಡಲು ಹೋದವಳು ನಾನು ಅಲ್ಲೇ ನಿಂತುಬಿಟ್ಟೆ. ನೆಂದ ಹಳೆ ಅರಿವೆಗೆ ಒಂದು ವಾಸನೆ ಇರುತ್ತದೆ. ಎಷ್ಟೋ ಹೆಂಗಸರು ಉಟ್ಟು ಸವೆಸಿದ ಸೀರೆಗಳು ಒಂದರ ಮೇಲೊಂದು ಕೂತು ನೀರು ಕುಡಿದಾಗ ಬರುವ ವಾಸನೆ. ಆ ವಾಸನೆಗೆ ಮುದ್ದೇಬಿಹಾಳದ ಆಯಿ ನೆನಪಾದಳು...

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಮನಗೂಳಿಯಿಂದ ಮುದ್ದೇಬಿಹಾಳಕ್ಕೆ ಸೊಸೆಯಾಗಿ ಬಂದಾಗ ನನಗೆ ಹತ್ತೊಂಬತ್ತು. ಮ್ಯಾಟ್ರಿಕ್ ಪಾಸಾಗಿದ್ದೆ. ಅದು ನಮ್ಮ ಅತ್ತೆಗೆ ಸೇರುತ್ತಿರಲಿಲ್ಲ. ರೊಟ್ಟಿ ಸ್ವಲ್ಪ ಹರಿದರೂ, ಎಮ್ಮೆ ಹಾಲು ಕಡಿಮೆ ಕೊಟ್ಟರೂ ನನ್ನ ಓದಿಗೇ ಬೈಗುಳ. ಯಜಮಾನರು ಕೆಟ್ಟವರಲ್ಲ, ಆದರೆ ತಾಯಿಯ ಎದುರು ಅವರಿಗೆ ಮಾತು ಹೊರಡುತ್ತಿರಲಿಲ್ಲ. ನನಗಂತೂ ಮೊದಲೇ ಇಲ್ಲ.

ಓಣಿಯವರೆಲ್ಲ ಆಯಿ ಎಂದೇ ಕರೆಯುತ್ತಿದ್ದ ಮುದುಕಿಯದು ಗೋಡೆಯಾಚೆಯ ಮನೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದ ಆಕೆ ಊರಿನವರಿಗೆ ಕೌದಿ ಹೊಲಿದು ಕೊಡುತ್ತ ಒಬ್ಬಳೇ ಇದ್ದಳು. ಅತ್ತೆಯ ದನಿ ಏರಿತೆಂದರೆ ಗೋಡೆಯಾಚೆಯಿಂದ ಕೂಗು ಬರುತ್ತಿತ್ತು.

"ಏ ಮನಗೂಳಿ ತಂಗೀ, ನನಗ ಕಣ್ಣ ಕಾಣವಲ್ದು. ಸೂಜಿ ಪೋಣಿಸಿ ಕೊಡ ಬಾ!"

ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಒಂದೇ ಸಲಕ್ಕೆ ದಾರ ಪೋಣಿಸುವುದನ್ನು ನಾನೇ ನೋಡಿದ್ದೆ. ಒಮ್ಮೆ ಅತ್ತೆ ನನ್ನ ಮೇಲೆ ಊದುಗೊಳವೆ ಎತ್ತಿದಾಗ ಆಯಿ ಕೂಗಲೂ ಇಲ್ಲ, ನೇರ ನಮ್ಮ ಅಡುಗೆಮನೆಗೇ ಬಂದು ಕೂತು ಎಲೆ ಅಡಿಕೆ ಕೇಳಿದಳು. ಹೊತ್ತು ಇಳಿಯುವವರೆಗೆ ಏಳಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಓಣಿಯ ಏಳೆಂಟು ಹೆಂಗಸರು ಅವಳ ಪಡಸಾಲೆಗೆ ಹೊಲಿಯಲು ಸೇರುತ್ತಿದ್ದೆವು. ಸೂಜಿ ಪೋಣಿಸುವ ನೆಪದಲ್ಲಿ ನನಗೂ ಅಲ್ಲೊಂದು ಮೂಲೆ ಸಿಕ್ಕಿತ್ತು. ಹೊಲಿಯುತ್ತ ಆಯಿ ಕಥೆ ಹೇಳುತ್ತಿದ್ದಳು. ಒಂದೇ ಕಥೆ, ದಿನಕ್ಕಿಷ್ಟು, ತಿಂಗಳುಗಟ್ಟಲೆ. ತಂದೆ ತಾಯಿ ಇಲ್ಲದ ಒಬ್ಬ ಹುಡುಗಿ, ಅವಳನ್ನು ಕಾಯುವ ಕುರಿಗಾರ ಸೋದರಮಾವ. ಹುಡುಗಿಯನ್ನು ತೋಳ ಹಿಡಿಯಬೇಕು, ದಾಯಾದಿಗಳು ಬಾವಿಗೆ ನೂಕಬೇಕು, ಅಷ್ಟರಲ್ಲಿ ದೂರದಿಂದ "ಹೋಯ್!" ಎಂದು ಮಾಮಾನ ದನಿ. ಆ "ಹೋಯ್" ಅನ್ನು ಆಯಿಯ ಜೊತೆ ನಾವೆಲ್ಲರೂ ಹೇಳುತ್ತಿದ್ದೆವು. ಹೇಳಿ ನಗುತ್ತಿದ್ದೆವು. ಮಾಮಾ ಬಂದೇ ಬರುತ್ತಾನೆಂದು ಗೊತ್ತಿದ್ದರಿಂದ ಯಾರ ಕೈಯೂ ಹೊಲಿಗೆ ತಪ್ಪುತ್ತಿರಲಿಲ್ಲ.

ಅದೇ ಬೇಸಿಗೆಯಲ್ಲಿ ನನಗೊಂದು ಕಾಗದ ಬಂತು. ಮದುವೆಗೆ ಮೊದಲು ತವರಿನಲ್ಲಿ ಶಿಕ್ಷಕಿಯರ ತರಬೇತಿಗೆ ಅರ್ಜಿ ಹಾಕಿದ್ದೆ, ಈಗ ಕರೆದಿದ್ದರು. ತವರಿನಿಂದ ತಂದ ತಮ್ಮನ ಕೈಯಿಂದ ಅದನ್ನು ಇಸಿದುಕೊಂಡು ಸೀದಾ ಆಯಿಗೆ ಕೊಟ್ಟೆ. ಅವಳು ಅದನ್ನು ತನ್ನ ಟ್ರಂಕಿನಲ್ಲಿಟ್ಟಳು.

"ನಮ್ಮ ಅತ್ತೀಗೆ ನೀನ ಹೇಳ ಆಯಿ," ಎಂದೆ.

"ನಾ ಹೇಳಿದ್ರ ಓಣ್ಯಾಗಿನ ಮುದಕಿ ಹೇಳಿಧಂಗ ಆಗ್ತೈತಿ. ಹೋಗಾಕಿ ನೀನು. ನೀನ ಹೇಳಬೇಕು."

"ನನ್ನ ಕೈಲೆ ಆಗೂದಿಲ್ಲ. ನೀನ ಹೇಳು."

ದಿನಾ ಹೀಗೇ. ದಿನಾ ನಾನು ಅವಳ ಮುಖ ನೋಡುವುದು, ಅವಳು ಸುಮ್ಮನೆ ಹೊಲಿಯುವುದು.

ಆ ವಾರವೇ ಅವಳು ಮಾಮಾನನ್ನು ಕೊಂದಳು. ತೋಳದ ಬಾಯಿಂದಲ್ಲ, ದಾಯಾದಿಗಳ ಕೊಡಲಿಯಿಂದಲೂ ಅಲ್ಲ. ಮೂರು ದಿನ ಜ್ವರ ಬಂದು, ಕುರಿಹಟ್ಟಿಯ ಪಕ್ಕದಲ್ಲಿ, ಕಂಬಳಿ ಹೊದ್ದುಕೊಂಡು ಸತ್ತ. ನಾವು "ಹೋಯ್" ಎನ್ನಲು ಬಾಯಿ ತೆರೆದು ಕೂತವರು ಹಾಗೇ ಉಳಿದೆವು.

"ತ್ವಾಳದ ದವಡಿ ಸೀಳಿದ ಗಂಡಸು ಜ್ವರಕ್ಕ ಸಾಯ್ತಾನೇನ ಆಯಿ?" ಎಂದು ಬಡಿಗೇರರ ಸೊಸೆ ಸಿಟ್ಟಿಗೆದ್ದಳು.

"ಮಂದಿ ಹಂಗ ಸಾಯ್ತಾರವಾ," ಎಂದಳು ಆಯಿ.

ಬಡಿಗೇರರ ಸೊಸೆ ಸೂಜಿ ಚುಚ್ಚಿಟ್ಟು ಎದ್ದು ಹೋದಳು. ಮರುದಿನ ಯಾರೂ ಬರಲಿಲ್ಲ. ನಾನೂ ಹೋಗಲಿಲ್ಲ. ಮೂರನೆಯ ದಿನ ತಡೆಯಲಾಗದೆ ಹೋದಾಗ ಅವಳು ಒಬ್ಬಳೇ ಕೌದಿಯ ಅಂಚು ಹಿಡಿದು ಕೂತಿದ್ದಳು. ನನಗೆ ಅಳು ಬಂತು.

"ಅಂವನ್ನ ಯಾಕ ಕೊಂದಿ?"

"ಎಷ್ಟ ತಿಂಗಳಿಂದ ಈ ಕಥಿ ಕೇಳಾಕತ್ತಿ ನೀ? ಆ ಹುಡುಗಿ ಬಾಯಾಗ ಒಂದ ಮಾತರೇ ಬಂದೈತೇನ ಹೇಳು."

ನಾನು ನೆನಪು ಮಾಡಿಕೊಂಡೆ. ಹುಡುಗಿ ಅತ್ತಿದ್ದಳು, ಓಡಿದ್ದಳು, ಅಡಗಿದ್ದಳು. ಮಾತು ಒಂದೂ ಇರಲಿಲ್ಲ. ನಮ್ಮಲ್ಲಿ ಯಾರಿಗೂ ಅದು ಹೊಳೆದೇ ಇರಲಿಲ್ಲ.

"ಹಂಗಾದ್ರ ಅಂವನ್ನ ದೂರದ ಊರಿಗೆ ಕಳಸಬೇಕಿತ್ತು. ಕೊಲ್ಲೂದ ಯಾಕ ಬೇಕಿತ್ತು?"

"ದೂರ ಕಳಸಿದ್ರ ಆಕಿ ಹಾದಿ ನೋಡ್ತಾಳ. ಅಂವ ಇರೂತನಕ ಆಕಿ ಹಾದಿ ನೋಡೂದ ಬಿಡೂದಿಲ್ಲ." ಕೌದಿಯ ಅಂಚನ್ನು ತೊಡೆಯ ಮೇಲೆ ಎಳೆದುಕೊಂಡು ಹೇಳಿದಳು, "ನಾ ಹುಟ್ಟಿಸಿದ ಮನಷ್ಯಾ ತಂಗಿ ಅಂವ. ನನಗ ಎರಡ ದಿನ ಗಂಟಲದಾಗ ರೊಟ್ಟಿ ಇಳಿದಿಲ್ಲ."

ಹೆಂಗಸರು ಒಬ್ಬೊಬ್ಬರಾಗಿ ಮರಳಿ ಬಂದರು. ಮುಂದೇನಾಯಿತೆಂದು ತಿಳಿಯದೆ ಅವರಿಗೂ ಇರಲಾಗಲಿಲ್ಲ. ಆದರೆ ಪಡಸಾಲೆ ಬದಲಾಗಿತ್ತು, ನಗು ಇರಲಿಲ್ಲ. ದಾಯಾದಿಗಳು ಕುರಿ ಹೊಡೆದುಕೊಂಡು ಹೋಗಲು ಬಂದ ದಿನ ಎಲ್ಲರ ಸೂಜಿಯೂ ನಿಂತುಬಿಟ್ಟಿತು. ಈಗ ಯಾರೂ ಬರುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಹುಡುಗಿ ಹಟ್ಟಿಯ ಬಾಗಿಲಿಗೆ ಅಡ್ಡ ನಿಂತಳು. "ಕೊಡೂದಿಲ್ಲ," ಎಂದಳು. ಅಷ್ಟೇ. ಬಡಿಗೇರರ ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಾಮಾ ಅಷ್ಟು ಸಲ ಬಂದಾಗಲೂ ಅವಳು ಅತ್ತಿರಲಿಲ್ಲ.

ಕಥೆ ಅಲ್ಲಿಗೇ ನಿಂತಿತು. ಆಯಿ ಕೆಮ್ಮು ಹತ್ತಿ ಹಾಸಿಗೆ ಹಿಡಿದಳು. "ಆ ಬ್ಯಾನಿ ಅಂಟ್ಕೋತದ, ಆ ಮನಿಗೆ ಹೋಗಬ್ಯಾಡ," ಎಂದು ಅತ್ತೆ ಆಜ್ಞೆ ಮಾಡಿದರು. ನಾನು ಹೋಗಲಿಲ್ಲ. ಬಾಗಿಲಲ್ಲಿ ನಿಂತು ಗಂಜಿ ಕೊಟ್ಟು ಬರುತ್ತೇನೆಂದು ಕೇಳುವಷ್ಟೂ ಧೈರ್ಯ ಮಾಡಲಿಲ್ಲ.

ಒಂದು ಮಧ್ಯಾಹ್ನ ನಾನು ಹಿಟ್ಟು ನಾದುತ್ತಿದ್ದೆ. ಗೋಡೆಯಾಚೆಯಿಂದ ದನಿ ಬಂತು, ಗುರುತೇ ಸಿಗದಷ್ಟು ಸಣ್ಣಗೆ.

"ತಂಗೀ... ಸೂಜಿ ಪೋಣಿಸಿ ಕೊಡ ಬಾ..."

ಅತ್ತೆ ಎದುರಿಗೇ ಕೂತು ಬೇಳೆ ಆರಿಸುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿ ಹಿಟ್ಟು ನಾದಿದೆ. ಇನ್ನೊಮ್ಮೆ ಕೂಗಿದಳು. ಆಮೇಲೆ ಕೂಗಲಿಲ್ಲ.

ಮರುದಿನ ಬೆಳಿಗ್ಗೆ ಬಡಿಗೇರರ ಸೊಸೆ ನೀರು ಕೊಡಲು ಹೋದಾಗ ಆಯಿ ಹೋಗಿಬಿಟ್ಟಿದ್ದಳು. ಹೆಣ ನೋಡಲು ಹೋಗುವುದಕ್ಕೆ ಯಾರೂ ಬೇಡವೆನ್ನಲಿಲ್ಲ. ಎಲ್ಲರ ಜೊತೆ ಹೋದೆ. ಟ್ರಂಕು ತೆರೆದು ನನ್ನ ಕಾಗದ ತೆಗೆದುಕೊಂಡೆ. ಮನೆಗೆ ಬಂದು, ಅತ್ತೆ, ಮಾವ, ಯಜಮಾನರು ಮೂವರೂ ಇರುವಾಗ ಅದನ್ನು ಮುಂದಿಟ್ಟೆ.

"ನಾ ಟ್ರೇನಿಂಗಿಗೆ ಹೋಗ್ತೇನ್ರಿ," ಎಂದೆ.

ದನಿ ನನ್ನದೇ ಅನ್ನಿಸಲಿಲ್ಲ. ಮಾವ ಕಾಗದವನ್ನು ನೋಡಿದರು, ಮುಟ್ಟಲಿಲ್ಲ. ಅತ್ತೆ ಹೇಳಿದರು, "ಹೋದ್ರ ಈ ಹೊಸ್ತಿಲಾ ಮತ್ತ ತುಳೀಬ್ಯಾಡ."

ಹೋದೆ. ಎರಡು ವರ್ಷ ಯಾರೂ ಕರೆಯಲಿಲ್ಲ. ಬಸವನ ಬಾಗೇವಾಡಿಯ ಸಾಲೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಯಜಮಾನರು ಒಂದು ಚೀಲ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಅಲ್ಲೇ ಸಂಸಾರ ಹೂಡಿದೆವು. ಅತ್ತೆ ಮಾತ್ರ ಕೊನೆಯವರೆಗೂ ನನ್ನ ಕೈಯ ನೀರು ಕುಡಿಯಲಿಲ್ಲ.

ಮೂವತ್ತು ವರ್ಷ ನನ್ನ ತರಗತಿಯ ಹುಡುಗಿಯರಿಗೆ ಆ ಕಥೆ ಹೇಳಿದೆ. ಪ್ರತಿ ಸಲವೂ ಒಬ್ಬಳಾದರೂ ಎದ್ದು ನಿಂತು ಕೇಳುತ್ತಿದ್ದಳು, "ಮಾಮಾನ್ನ ಯಾಕ ಕೊಂದ್ರಿ ಅಕ್ಕೋರ?" ಆಯಿ ಹೇಳಿದ್ದನ್ನೇ ಹೇಳುತ್ತಿದ್ದೆ. ಅವಳು ಹೇಳಿದ್ದು ಸರಿ. ಮಾಮಾ ಸಾಯದಿದ್ದರೆ ಆ ಹುಡುಗಿ ಮಾತಾಡುತ್ತಿರಲಿಲ್ಲ. ಆದರೆ ಆ ಹುಡುಗಿಯ ಮಾಮಾ ಸಾಯುವ ಮುನ್ನ ಅವಳನ್ನು ಎರಡು ಸಲ ಕೂಗಿರಲಿಲ್ಲ... ಇದನ್ನು ಯಾವ ತರಗತಿಗೂ ನಾನು ಹೇಳಿಲ್ಲ. ಒಂದೇ ಒಂದು ದಿನ ಮೊದಲು ನನಗೆ ಬಾಯಿ ಬಂದಿದ್ದರೆ ಸಾಯುವಾಗ ಆಯಿಯ ತಲೆ ನನ್ನ ತೊಡೆಯ ಮೇಲಿರುತ್ತಿತ್ತು.

ಮೊನ್ನೆ ಒಂದು ಮದುವೆಗೆಂದು ಮುದ್ದೇಬಿಹಾಳಕ್ಕೆ ಹೋಗಿದ್ದೆ. ಊಟದ ಪಂಕ್ತಿಯಿಂದ ಎದ್ದು ಆಟೋ ಹಿಡಿದು ಆ ಓಣಿಗೆ ಹೋದೆ. ಅತ್ತೆಯ ಮನೆ, ಆಯಿಯ ಮನೆ ಎರಡನ್ನೂ ಕೊಂಡವರು ಕೆಡವಿ ಒಂದೇ ದೊಡ್ಡ ಕಟ್ಟಡ ಎಬ್ಬಿಸಿದ್ದಾರೆ. ನಡುವಿನ ಗೋಡೆ ಎಲ್ಲಿತ್ತೆಂದು ತಿಳಿಯಲಿಲ್ಲ. ಕೆಳಗಿನ ಅಂಗಡಿಯಿಂದ ಒಬ್ಬಳು ಹೆಣ್ಣುಮಗಳು ಹೊರಗೆ ಬಂದಳು.

"ಯಾರ ಮನಿ ಹುಡಕಾಕತ್ತೀರ್ರಿ? ಹೆಸರ ಹೇಳ್ರಿ, ನಾ ಕೇಳಿ ಹೇಳ್ತೇನಿ."

ಹೇಳಲು ಬಾಯಿ ತೆರೆದೆ. ಆಯಿಯ ಹೆಸರು ನನಗೆ ಗೊತ್ತಿರಲಿಲ್ಲ. ಎಂದೂ ಕೇಳಿರಲಿಲ್ಲ.