ಅಜ್ಜನ ಹಲ್ಲು ಡಿಸ್ಪ್ಯಾಚ್ ಆದದ್ದು

ಈ ಲೋಕದಲ್ಲಿ ನನ್ನ ಮೊಬೈಲಿಗೆ ಅತ್ಯಂತ ನಿಷ್ಠೆಯಿಂದ ಸಂದೇಶ ಕಳಿಸುವವರು ಕೊರಿಯರಿನವರು. 'ನಿಮ್ಮ ವಸ್ತು ಡಿಸ್ಪ್ಯಾಚ್ ಆಗಿದೆ' ಎಂಬ ಆ ಒಕ್ಕಣೆಯಲ್ಲಿ ಎಂಥ ಕೃತಾರ್ಥತೆ ತುಳುಕುತ್ತಿರುತ್ತದೆಂದರೆ, ವಸ್ತು ತಲುಪಲೂ ಬೇಕೆಂದು ಬಯಸುವುದು ನಮ್ಮ ದುರಾಸೆಯೇನೋ ಅನ್ನಿಸಿಬಿಡುತ್ತದೆ.

ಕಂಡಕಂಡವರ ದನಿ ಅಣಕಿಸುವುದೊಂದೇ ವಿದ್ಯೆಯಾಗಿರುವ ನಾನು ಈ ಪದದ ಗೋತ್ರ ವಿಚಾರಿಸಲು ನಿಘಂಟು ತೆರೆದದ್ದು ಬರೀ ಸಿಟ್ಟಿನಿಂದ. ಹುಟ್ಟೂರು ಇಟಲಿಯೋ ಸ್ಪೇನೋ ಎಂದು ಪಂಡಿತರೇ ತಕರಾರಿನಲ್ಲಿದ್ದಾರೆ. ತ್ವರೆಯಿಂದ ಕಳಿಸುವುದು, ಕೆಲಸ ಚಕಚಕನೆ ಮುಗಿಸುವುದು, ಊಟ ಬಾರಿಸುವುದು, ಕೊನೆಗೆ ಮನುಷ್ಯನನ್ನೇ ಪರಲೋಕಕ್ಕೆ ಅಟ್ಟುವುದು, ಎಲ್ಲವೂ ಇದರ ಅರ್ಥಗಳೇ. ಬೇರಿನಲ್ಲಿ 'ಅಡ್ಡಿ ಬಿಡಿಸುವುದು' ಎಂಬ ಭಾವವೂ ಇದೆಯಂತೆ. ಪಾಪ, ನಿಘಂಟು ಬರೆದವರು ಶಿಕಾರಿಪುರದಿಂದ ಬಸ್ಸಿನಲ್ಲಿ ಗಂಟೆ ದಾರಿಯ ಆನವಟ್ಟಿಗೆ ಪಾರ್ಸೆಲ್ ಹಾಕಿದವರಲ್ಲ.

ನಾವು ಹಾಕಿದ್ದು ಅಜ್ಜನ ಹಲ್ಲಿನ ಸೆಟ್ಟು. ಬಿರುಕು ಬಿಟ್ಟಿದ್ದ ಅದು ಶಿಕಾರಿಪುರದಲ್ಲಿ ರಿಪೇರಿಯಾಗಿತ್ತು. ಭಾನುವಾರ ಆನವಟ್ಟಿಯ ನಮ್ಮ ಮನೆಯಲ್ಲಿ ತಂಗಿಯ ನಿಶ್ಚಿತಾರ್ಥ. 'ಹೆಣ್ಣು ಕೊಟ್ಟೆವು' ಎನ್ನಬೇಕಾದವರು ಅಜ್ಜ. ನಮ್ಮ ಸೀಮೆಯಲ್ಲಿ ಮಾತ್ರೆಯಿಂದ ಮೋಟಾರಿನ ಬಿಡಿಭಾಗದವರೆಗೆ ಸಕಲವೂ ಬಸ್ ಡ್ರೈವರನ ಪಕ್ಕದಲ್ಲಿ ಕೂತು ಪ್ರಯಾಣಿಸುತ್ತವೆ. ಇತ್ತ ಹತ್ತಿಸಿ ಫೋನು ಮಾಡಿದರೆ ಅತ್ತ ಸ್ಟ್ಯಾಂಡಿನಲ್ಲಿ ಕೈಚಾಚಿ ಇಳಿಸಿಕೊಳ್ಳುತ್ತಾರೆ. ಶಿಕಾರಿಪುರದಲ್ಲಿ ಗೊಬ್ಬರದಂಗಡಿ ಇಟ್ಟಿರುವ ನನ್ನ ಸೋದರಮಾವನಿಗೆ ಅದು ಹಳ್ಳಿತನ.

"ಬಸ್ಸಿನಾಗೆ ಹಲ್ಲು ಕಳಿಸ್ತಾರೇನೋ? ಎಕ್ಸ್‌ಪ್ರೆಸ್ ಕೊರಿಯರಿಗೆ ಹಾಕೀನಿ. ನಾಳೆ ಹೊತ್ತಿಗೆ ಅಲ್ಲಿರ್ತೈತಿ."

ಹಲ್ಲು ಶಿವಮೊಗ್ಗ ನೋಡಿತು, ಹುಬ್ಬಳ್ಳಿ ನೋಡಿತು, ಶನಿವಾರ ಬೆಂಗಳೂರಿಗೆ ಹೊರಟಿತು. ಅಜ್ಜ ಜೀವಮಾನದಲ್ಲಿ ಮಾಡದ ದೇಶಸಂಚಾರವನ್ನು ಅವರ ದವಡೆ ಮಾಡಿತು. ನಾನು ಕೊರಿಯರ್ ಆಫೀಸಿನವಳ ದನಿಯಲ್ಲಿ ಮಾವನಿಗೆ ಫೋನು ಮಾಡಿ, "ಸರ್, ನಿಮ್ಮ ಹಲ್ಲು ನಮಗೆ ಅಮೂಲ್ಯ" ಎಂದೆ. "ಹೌದ್ರೀ ಮೇಡಂ" ಎಂದರು ಮಾವ, ಭಕ್ತಿಯಿಂದ.

ಭಾನುವಾರ ಬೀಗರು ಬಂದು ಕೂತರೂ ಅಜ್ಜ ಒಳಕೋಣೆಯಿಂದ ಹೊರಬರಲಿಲ್ಲ. ಬಾಯಿಗೆ ಟವೆಲ್ಲು ಒತ್ತಿಕೊಂಡು, "ನಗ್ತಾರೆ ಕಣೋ. ನಿಮ್ಮಪ್ಪನೇ ಹೇಳ್ಲಿ" ಎಂದರು. ತಂಗಿಗೋ ಆ ಮಾತು ಅಜ್ಜನ ಬಾಯಿಂದಲೇ ಬರಬೇಕು. ಅವಳ ಕಣ್ಣು ತುಂಬಿತ್ತು. ಅಜ್ಜನ ದನಿಯಲ್ಲಿ ನಾನೇ ಹೇಳಿಬಿಡಲೇ ಎಂದೆ. ಅವಳು ನೋಡಿದ ನೋಟಕ್ಕೆ ನನ್ನ ಏಕೈಕ ವಿದ್ಯೆ ಗಂಟಲಲ್ಲೇ ಅಡಗಿತು.

ಸಂಗತಿ ತಿಳಿದು, ಉಳವಿಯಿಂದ ಬಂದಿದ್ದ ಹುಡುಗನ ಅಜ್ಜ ಒಳಗೆ ಬಂದರು. ನಮ್ಮ ಅಜ್ಜನ ಎದುರು ಕೂತು, ತಮ್ಮ ಹಲ್ಲಿನ ಸೆಟ್ಟು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು.

"ಈಗ ಬನ್ನಿ ಯಜಮಾನ್ರೇ. ನೀವು ಕೊಡಿ, ನಾವು ತಗಳ್ತೀವಿ. ಇಬ್ರೂ ಒಟ್ಟಿಗೇ ತೊದಲಣ."

ಅಜ್ಜ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಎದ್ದರು. ಸಭೆಯಲ್ಲಿ 'ಕೊಟ್ಟೆವು' ಎಂಬುದು ಅರ್ಧ ಗಾಳಿಯಾಗಿ ಬಂತು. 'ತಗೊಂಡೆವು' ಎಂಬುದೂ ಹಾಗೆಯೇ. ಯಾರೂ ನಗಲಿಲ್ಲ. ಅಣಕಿಸಲು ಇಷ್ಟು ಸೊಗಸಾದ ಸಾಮಗ್ರಿ ಸಿಕ್ಕಿಯೂ ನಾನು ಈವರೆಗೆ ಮುಟ್ಟಿಲ್ಲ. ಡಿಸ್ಪ್ಯಾಚಿನ ಬೇರಿನಲ್ಲಿದೆಯೆಂಬ ಆ 'ಅಡ್ಡಿ ಬಿಡಿಸುವ' ಅರ್ಥವನ್ನು ಉಳವಿಯ ಅಜ್ಜ ನಿಘಂಟಿಲ್ಲದೆ ಬಲ್ಲವರು.

ಹಲ್ಲು ಬುಧವಾರ ಬಂತು. ಅದರ ಬೆನ್ನಿಗೇ ಮೊಬೈಲು ಕಿಣಿಯೆಂದಿತು: ನಮ್ಮ ತ್ವರಿತ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ? ಓದಿ ಹೇಳಿದೆ. ಅಜ್ಜ ಸಾವಕಾಶವಾಗಿ ಹಲ್ಲು ಹಾಕಿಕೊಂಡು, ವಾರದಿಂದ ಕೈಕೊಟ್ಟಿದ್ದ ಅಕ್ಷರಗಳನ್ನೆಲ್ಲ ಒಂದೂ ಬಿಡದೆ ಬಳಸಿ, ಬಲು ಸ್ಪಷ್ಟವಾಗಿ ಉತ್ತರ ಕೊಟ್ಟರು. ಅದನ್ನು ಮಾತ್ರ ನಾನು ಡಿಸ್ಪ್ಯಾಚ್ ಮಾಡಲಿಲ್ಲ.